ಆರು ನಿಮಿಷದ ಪಾಠ: ಅಣುಬೋಧನೆ ನಡೆದು ಬಂದ ದಾರಿ

ಬಿ.ಎಡ್. ಕಾಲೇಜುಗಳಲ್ಲಿ ಪ್ರಶಿಕ್ಷಣಾರ್ಥಿಗಳನ್ನು ಶಾಲೆಗೆ ಕಳಿಸುವ ಮೊದಲು ಒಂದು ವಿಚಿತ್ರ ತರಗತಿ ನಡೆಯುತ್ತದೆ. ಪಾಠ ಮಾಡುವವರಿಗೆ ಸಿಗುವುದು ಆರೇ ನಿಮಿಷ. ಎದುರು ಕೂತ 'ಮಕ್ಕಳು' ಪದವಿ ಮುಗಿಸಿದ ಸಹಪಾಠಿಗಳು. ಹಿಂದಿನ ಬೆಂಚಿನಲ್ಲಿ ಇಬ್ಬರು ವೀಕ್ಷಣಾ ಪಟ್ಟಿ ಹಿಡಿದು ಗೀಟು ಹಾಕುತ್ತಿರುತ್ತಾರೆ: ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಸಲ 'ಶಹಬ್ಬಾಸ್' ಎಂದರು. ಪುಸ್ತಕಗಳಲ್ಲಿ ಇದು ಅಣುಬೋಧನೆ ಅಥವಾ ಸೂಕ್ಷ್ಮ ಬೋಧನೆ. ಪ್ರಶಿಕ್ಷಣಾರ್ಥಿಗಳ ಬಾಯಲ್ಲಿ ಮೈಕ್ರೋ ಟೀಚಿಂಗ್. ಅರವತ್ತು ವರ್ಷಗಳ ದಾರಿಯಲ್ಲಿ ಈ ಪದ್ಧತಿ ಹಲವನ್ನು ಕಳಚಿಕೊಂಡು ಹಗುರವಾಗಿದೆ. ಕಳಚಿದ್ದರಲ್ಲಿ ಒಂದನ್ನು ಮಾತ್ರ ಬಿಡಬಾರದಾಗಿತ್ತು.

ಇತರರ ಎದುರು ಪಾಠ ಮಾಡಿ ಟೀಕೆ ಕೇಳಿಸಿಕೊಳ್ಳುವ ಅಭ್ಯಾಸ ಇದಕ್ಕಿಂತ ಬಹಳ ಹಳೆಯದು. 1837ರಲ್ಲಿ ಡೇವಿಡ್ ಸ್ಟೋ ಗ್ಲಾಸ್ಗೋದಲ್ಲಿ ಆರಂಭಿಸಿದ ನಾರ್ಮಲ್ ಸೆಮಿನರಿಯಲ್ಲೇ ಕಲಿಯುವ ಶಿಕ್ಷಕರು ಜೊತೆಗಾರರ ಮುಂದೆ ಪಾಠ ಮಾಡಿ ತಪ್ಪು ಎಣಿಸಿಕೊಳ್ಳುತ್ತಿದ್ದರು. ನಮ್ಮ ಬಿ.ಎಡ್.ನಲ್ಲಿ ಇಂದಿಗೂ ಉಳಿದಿರುವ ವಿಮರ್ಶಾ ಪಾಠ ಅದೇ ವಂಶದ್ದು. ಆದರೆ ಅಲ್ಲಿ ಪಾಠ ಪೂರ್ತಿ ಅವಧಿಯದು, ಟೀಕೆ ಕೊನೆಯಲ್ಲಿ ಒಮ್ಮೆ. ಕೇಳಿಸಿಕೊಂಡವರು ತಿದ್ದಿಕೊಂಡರೋ ಇಲ್ಲವೋ ಎಂದು ಯಾರೂ ನೋಡುತ್ತಿರಲಿಲ್ಲ.

ಆ ಕೊರತೆ ತುಂಬಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. 1963ರಲ್ಲಿ ಡ್ವೈಟ್ ಅಲೆನ್, ರಾಬರ್ಟ್ ಬುಷ್ ಮತ್ತು ಸಂಗಡಿಗರು ಹೊಸ ಶಿಕ್ಷಕರನ್ನು ನೇರವಾಗಿ ದೊಡ್ಡ ತರಗತಿಗೆ ತಳ್ಳುವ ಬದಲು ಎಲ್ಲವನ್ನೂ ಕಿರಿದು ಮಾಡಿದರು: ನಾಲ್ಕೈದು ವಿದ್ಯಾರ್ಥಿಗಳು, ಐದು ನಿಮಿಷ, ಒಂದು ಸಲಕ್ಕೆ ಒಂದೇ ಕೌಶಲ. ವಿದ್ಯಾರ್ಥಿಗಳು ನಿಜವಾದ ಹೈಸ್ಕೂಲ್ ಮಕ್ಕಳು. ಅದೇ ಕಾಲಕ್ಕೆ ವಿಡಿಯೊ ಟೇಪ್ ಯಂತ್ರ ಕೈಗೆಟುಕಿತು. ಕೀತ್ ಅಚೆಸನ್ ಅದನ್ನು ಇದಕ್ಕೆ ಜೋಡಿಸಿದರು. ಪಾಠ ಮಾಡಿದವರು ತಮ್ಮನ್ನು ತಾವೇ ಪರದೆಯ ಮೇಲೆ ನೋಡಿ, ಮೇಲ್ವಿಚಾರಕರ ಮಾತು ಕೇಳಿ, ಪಾಠ ತಿದ್ದಿ ಬರೆದು, ಬೇರೆ ಮಕ್ಕಳ ಗುಂಪಿಗೆ ಮತ್ತೆ ಅದೇ ಪಾಠ ಮಾಡುತ್ತಿದ್ದರು. ಹೊಸದು ಕ್ಯಾಮೆರಾ ಎಂದು ಹಲವರು ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ 'ಮತ್ತೆ' ಎಂಬುದೇ ಹೊಸದು.

1969ರಲ್ಲಿ ಅಲೆನ್ ಮತ್ತು ಕೆವಿನ್ ರಯಾನ್ ಬರೆದ ಪುಸ್ತಕ ಹದಿನಾಲ್ಕು ಕೌಶಲಗಳ ಪಟ್ಟಿ ಕೊಟ್ಟಿತು. ಪದ್ಧತಿ ಬೇಗ ಹರಡಿತು. ಕ್ಯಾಲಿಫೋರ್ನಿಯಾದಲ್ಲಿ ವಾಲ್ಟರ್ ಬೋರ್ಗ್ ತಂಡ ಮೇಲ್ವಿಚಾರಕರೇ ಇಲ್ಲದೆ ಶಿಕ್ಷಕರು ತಾವೇ ಅಭ್ಯಾಸ ಮಾಡಬಹುದಾದ 'ಮಿನಿಕೋರ್ಸ್' ರೂಪಿಸಿತು. ಉತ್ತರ ಐರ್ಲೆಂಡಿನಲ್ಲಿ ಜಾರ್ಜ್ ಬ್ರೌನ್ ತಮ್ಮದೇ ಕಾರ್ಯಕ್ರಮ ಕಟ್ಟಿದರು. ಗಂಭೀರ ತಕರಾರು ಬಂದದ್ದು ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಿಂದ. ಡೊನಾಲ್ಡ್ ಮೆಕಿಂಟೈರ್, ಗಾರ್ಡನ್ ಮೆಕ್ಲಿಯಡ್ ಮುಂತಾದವರ 1977ರ ಅಧ್ಯಯನ ಸಂಕಲನ ಕೇಳಿದ್ದು ಇದನ್ನು: ಇಲ್ಲಿ ಬದಲಾಗುವುದು ಶಿಕ್ಷಕರ ನಡೆಯೋ, ಪಾಠದ ಬಗ್ಗೆ ಅವರು ಯೋಚಿಸುವ ರೀತಿಯೋ? ನಡೆಯನ್ನು ಗೀಟು ಹಾಕಿ ಎಣಿಸಬಹುದು. ಯೋಚನೆಯನ್ನು ಹಾಗೆ ಎಣಿಸಲಾಗದು. ಈ ಕ್ಷೇತ್ರದ ಮುಂದಿನ ವಾದಗಳೆಲ್ಲ ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ ಸುತ್ತಿವೆ.

ಭಾರತಕ್ಕೆ ಇದು ಬಂದದ್ದು ಬೇಗ. 1967ರಲ್ಲಿ ಅಲಹಾಬಾದಿನಲ್ಲಿ ಡಿ.ಡಿ. ತಿವಾರಿಯವರ ಪ್ರಯೋಗದಿಂದ ಕತೆ ಶುರುವಾಗುತ್ತದೆ. ನೆಲೆ ಸಿಕ್ಕಿದ್ದು ಬರೋಡಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಬಿ.ಕೆ. ಪಾಸ್ಸಿ, ಎಂ.ಎಸ್. ಲಲಿತಾ ಮತ್ತಿತರರು ಕೌಶಲಗಳನ್ನು ನಮ್ಮ ತರಗತಿಗೆ ಹೊಂದಿಸಿದರು. 1976ರ ಪಾಸ್ಸಿಯವರ ಪುಸ್ತಕದಲ್ಲಿ ಹದಿಮೂರು ಕೌಶಲಗಳಿವೆ. ಪೀಠಿಕೆ, ಪ್ರಶ್ನಿಸುವುದು, ವಿವರಿಸುವುದು, ಪುನರ್ಬಲನ, ಕಪ್ಪುಹಲಗೆಯ ಬಳಕೆ ಎಂದು ನಮ್ಮ ಪ್ರಶಿಕ್ಷಣಾರ್ಥಿಗಳು ಇಂದಿಗೂ ದಾಖಲೆ ಪುಸ್ತಕದಲ್ಲಿ ಬರೆಯುವುದು ಬಹುತೇಕ ಆ ಪರಂಪರೆಯನ್ನೇ. ಎನ್‌ಸಿಇಆರ್‌ಟಿ ಬರೋಡಾ ಜೊತೆ ಸೇರಿ ಎಪ್ಪತ್ತರ ದಶಕದಲ್ಲಿ ಪ್ರಯೋಗಗಳನ್ನು ನಡೆಸಿ, ಇದನ್ನು ಸಾಮಾನ್ಯ ಕಾಲೇಜಿಗೂ ಒಗ್ಗುವಂತೆ ಮಾಡಿತು.

ಒಗ್ಗಿಸಿದ ಬಗೆ ಜಾಣತನದ್ದು. ವಿಡಿಯೊ ಇಲ್ಲ, ಸಹಪಾಠಿಗಳೇ ವೀಕ್ಷಕರು. ಬೇಕೆಂದಾಗ ಮಕ್ಕಳು ಸಿಗುವುದಿಲ್ಲ, ಸಹಪಾಠಿಗಳೇ ಮಕ್ಕಳು. ಪಾಠಕ್ಕೆ 6 ನಿಮಿಷ, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮತ್ತೆ ಹಿಮ್ಮಾಹಿತಿಗೆ 6. ಒಟ್ಟು 36 ನಿಮಿಷಗಳ ಚಕ್ರ. ದುಡ್ಡಿಲ್ಲದ ಕಾಲೇಜೂ ನಡೆಸಬಹುದಾದ ವ್ಯವಸ್ಥೆ. ಮಕ್ಕಳಾದ ಸಹಪಾಠಿಗಳಿಂದ ಒಂದೇ ತೊಂದರೆ: ಅವರು ಯಾವತ್ತೂ ತಪ್ಪು ಉತ್ತರ ಹೇಳುವುದಿಲ್ಲ. ಹೇಳಿದರೂ ಗೆಳೆಯನನ್ನು ಕಾಡಿಸಲೆಂದು ಹೇಳುತ್ತಾರೆ. ಭಿನ್ನರಾಶಿ ನಿಜವಾಗಿಯೂ ಅರ್ಥವಾಗದ ಆರನೇ ತರಗತಿಯ ಮಗುವಿನ ಮುಖ ಅಲ್ಲಿ ಕಾಣಸಿಗದು.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಗಡಿಯಾರ. ನೂರು ಪ್ರಶಿಕ್ಷಣಾರ್ಥಿಗಳ ಕಾಲೇಜನ್ನು ತೆಗೆದುಕೊಳ್ಳಿ. ಹತ್ತು ಗುಂಪು ಮಾಡಿದರೂ ಒಂದು ಕೌಶಲಕ್ಕೆ ಗುಂಪಿಗೆ 360 ನಿಮಿಷ, ಅಂದರೆ ಆರು ಗಂಟೆ ಬೇಕು. ಐದು ಕೌಶಲಕ್ಕೆ ಮೂವತ್ತು ಗಂಟೆ. ಬಿ.ಎಡ್. ಒಂದೇ ವರ್ಷದ್ದಾಗಿದ್ದಾಗ ಇಷ್ಟು ಹೊತ್ತು ಹೊಂದಿಸುವುದು ಕಷ್ಟವೇ. ಮರುಯೋಜನೆ, ಮರುಬೋಧನೆ ಮತ್ತು ಅದರ ಹಿಮ್ಮಾಹಿತಿಯನ್ನು ಕೈಬಿಟ್ಟರೆ 24 ನಿಮಿಷ ಉಳಿತಾಯವಾಗುತ್ತದೆ. ಆರು ಗಂಟೆ ಎರಡಕ್ಕಿಳಿಯುತ್ತದೆ. ಎಷ್ಟೋ ಕಡೆ ನಡೆದದ್ದು ಇದೇ. ದಾಖಲೆ ಪುಸ್ತಕದಲ್ಲಿ ಮರುಬೋಧನೆಯ ಪುಟ ತುಂಬಿರುತ್ತದೆ, ಮರುಪಾಠ ಮಾತ್ರ ನಡೆದಿರುವುದಿಲ್ಲ.

2009ರ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪಠ್ಯಕ್ರಮ ಚೌಕಟ್ಟು ಒತ್ತನ್ನು ಶಾಲೆಯ ಕಡೆಗೆ ತಿರುಗಿಸಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಗಳು ಬಿ.ಎಡ್. ಅನ್ನು ಎರಡು ವರ್ಷಕ್ಕೆ ಹಿಗ್ಗಿಸಿ, ಕನಿಷ್ಠ 20 ವಾರ ಶಾಲೆಯಲ್ಲಿರಬೇಕೆಂದವು. ಒಳ್ಳೆಯ ನಡೆ. ಹಾಗೆಂದು ಅಣುಬೋಧನೆಗೆ ಕಾಲ ಮುಗಿಯಿತು ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ 2009ರಲ್ಲಿ ನೂರಾರು ಅಧ್ಯಯನ ಸಮೀಕ್ಷೆಗಳನ್ನು ಒಟ್ಟುಗೂಡಿಸಿದಾಗ ಅಣುಬೋಧನೆಯ ಪ್ರಭಾವ ಪ್ರಮಾಣ 0.88 ಬಂತು, ಅವರು ಗಮನಾರ್ಹ ಎಂದು ಹಾಕಿಕೊಂಡ ಗೆರೆ 0.40. ಆ ಅಂಕಿಯನ್ನು ಬಾವುಟದಂತೆ ಹಾರಿಸುವುದೂ ಬೇಡ: ಅದರ ಹಿಂದಿರುವ ಅಧ್ಯಯನಗಳು ಹೆಚ್ಚಾಗಿ ಅಳೆದದ್ದು ಶಿಕ್ಷಕರ ಕೌಶಲವನ್ನು, ಮಕ್ಕಳ ಕಲಿಕೆಯನ್ನಲ್ಲ.

ಅದೇ 2009ರಲ್ಲಿ ಪ್ಯಾಮ್ ಗ್ರಾಸ್‌ಮನ್ ಮತ್ತು ಸಂಗಡಿಗರು ಪಾದ್ರಿಗಳು, ಮನೋಚಿಕಿತ್ಸಕರು, ಶಿಕ್ಷಕರು ತಯಾರಾಗುವ ಬಗೆಯನ್ನು ಹೋಲಿಸಿ, ನಿಜದ ಕೆಲಸಕ್ಕೆ ಹತ್ತಿರವಾದ ಪೂರ್ವಾಭ್ಯಾಸ ಮೂವರ ತಯಾರಿಯಲ್ಲೂ ಮುಖ್ಯ ಎಂದರು. ಮ್ಯಾಗ್ಡಲೀನ್ ಲ್ಯಾಂಪರ್ಟ್ ಮುಂತಾದವರು ಪಾಠದ ನಡುವೆಯೇ ತಡೆದು 'ಇಲ್ಲಿಂದ ಇನ್ನೊಮ್ಮೆ ಮಾಡಿ' ಎನ್ನುವ ರಿಹರ್ಸಲ್ ರೂಢಿಗೆ ತಂದರು. ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯ ಪರದೆಯ ಮೇಲಿನ ಕೃತಕ ಮಕ್ಕಳಿಗೆ ಪಾಠ ಮಾಡಿಸಿತು. ಡ್ವೈಟ್ ಅಲೆನ್ ಕೂಡ ನಂತರ ಸರಳವಾದ 'ಎರಡು ಅಧಿಕ ಎರಡು' ಕ್ರಮಕ್ಕೆ ಬಂದರು: ಎರಡು ಮೆಚ್ಚುಗೆ, ಎರಡು ಸಲಹೆ. ನಮ್ಮಲ್ಲಿ ಈಗ ಪ್ರತಿ ಪ್ರಶಿಕ್ಷಣಾರ್ಥಿಯ ಜೇಬಿನಲ್ಲೂ ಕ್ಯಾಮೆರಾ ಇದೆ. ಸ್ಟ್ಯಾನ್‌ಫರ್ಡ್‌ನಲ್ಲಿ ದುಬಾರಿಯಾಗಿದ್ದ ಸವಲತ್ತು ಇಂದು ಪುಕ್ಕಟೆ. ಮರಳಿ ಬರಬೇಕಿರುವುದು ಆ 'ಮತ್ತೆ' ಮಾತ್ರ.

ಆದ್ದರಿಂದ ಪ್ರಶಿಕ್ಷಕರಲ್ಲಿ ಒಂದು ವಿನಂತಿ. ಐದು ಕೌಶಲಗಳನ್ನು ಒಂದೊಂದು ಸಲ ಮುಟ್ಟಿ ಬಿಡುವ ಬದಲು ಎರಡನ್ನೇ ಆರಿಸಿಕೊಂಡು 36 ನಿಮಿಷ ಪೂರ್ತಿ ಕೊಡಿ. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ, ಮರುಬೋಧನೆಯಿಲ್ಲದ ಐದು ಕೌಶಲಕ್ಕೆ ಗುಂಪಿಗೆ ಹತ್ತು ಗಂಟೆ. ಮರುಬೋಧನೆಯಿರುವ ಎರಡಕ್ಕೆ ಹನ್ನೆರಡು. ಹೆಚ್ಚು ಬೇಕಾಗುವುದು ಎರಡೇ ಗಂಟೆ.