ಲಾಲ್‌ಬಾಗ್: ಅರಸನ ತೋಟದಿಂದ ಸಸ್ಯೋದ್ಯಾನದವರೆಗೆ – ಉದ್ಯಾನ ಶೈಲಿಗಳ ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯ ಅಧ್ಯಯನಗಳಲ್ಲಿ ದೇವಾಲಯ, ಕೋಟೆ, ಕೆರೆ ಹಾಗೂ ಶಾಸನಗಳಿಗೆ ದೊರೆತಿರುವಷ್ಟು ಗಮನ ಉದ್ಯಾನಗಳಿಗೆ ದೊರೆತಿಲ್ಲ. ಕಲ್ಲಿನ ಕಟ್ಟಡ ಶತಮಾನಗಳವರೆಗೆ ತನ್ನ ರೂಪವನ್ನು ಉಳಿಸಿಕೊಳ್ಳುತ್ತದೆ. ತೋಟವಾದರೋ ಪ್ರತಿ ತಲೆಮಾರಿನಲ್ಲೂ ಬದಲಾಗುತ್ತದೆ. ಈ ಕಾರಣದಿಂದಲೇ ಅದನ್ನು ಚಾರಿತ್ರಿಕ ಆಕರವಾಗಿ ಓದುವುದು ಕಷ್ಟ. ಬೆಂಗಳೂರಿನ ಲಾಲ್‌ಬಾಗನ್ನು ಕುರಿತು ಹೈದರನು ಕಟ್ಟಿದ, ಬ್ರಿಟಿಷರು ಬೆಳೆಸಿದ ತೋಟವೆಂಬ ಸರಳ ನಿರೂಪಣೆಯೊಂದು ರೂಢಿಯಲ್ಲಿದೆ. ಅಲ್ಲಿ ಭಿನ್ನ ಉದ್ಯಾನ ಶೈಲಿಗಳು ಒಂದರ ಮೇಲೊಂದು ಪದರಗಳಾಗಿ ನಿಂತಿರುವುದನ್ನೂ, ಆ ತೋಟವು ಸಸ್ಯೋದ್ಯಾನವಾಗಿ ಮಾರ್ಪಟ್ಟುದರ ಅರ್ಥವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೂರ್ವ ಪರಂಪರೆ

ಕನ್ನಡ ನಾಡಿಗೆ ಉದ್ಯಾನದ ಕಲ್ಪನೆ ಹೊಸದಲ್ಲ. ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರಕ್ಕೆ ಸ್ಥಾನವಿದೆ. ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವು ವೃಕ್ಷಾಯುರ್ವೇದವನ್ನು ಕನ್ನಡದಲ್ಲಿಯೇ ನಿರೂಪಿಸುತ್ತದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಅರಸರ ವನಕ್ರೀಡೆಯ ಪ್ರಸ್ತಾಪವಿದೆ. ಆದರೆ ಈ ಗ್ರಂಥಗಳಿಗೆ ಸಂವಾದಿಯಾಗಿ ನಿಲ್ಲುವ, ಮೂಲ ವಿನ್ಯಾಸವುಳ್ಳ ತೋಟ ಇಂದು ನೋಡಸಿಗುವುದಿಲ್ಲ. ಹೀಗಾಗಿ ನೆಲದ ಮೇಲಿನ ಕುರುಹುಗಳನ್ನು ಆಧರಿಸಿದ ಅಧ್ಯಯನವು ಮೊಗಲರ ಕಾಲದಿಂದಲೇ ಆರಂಭವಾಗಬೇಕಾಗುತ್ತದೆ.

ಕ್ರಿ.ಶ. 1687ರಲ್ಲಿ ಮೊಗಲರ ವಶವಾದ ಸಿರಾ ಅವರ ಪ್ರಾಂತ್ಯದ ಕೇಂದ್ರವಾಯಿತು. ಅಲ್ಲಿನ ಖಾನ್‌ಬಾಗ್ ಎಂಬ ತೋಟವೇ ಹೈದರಾಲಿಗೆ ಲಾಲ್‌ಬಾಗಿನ ಕಲ್ಪನೆಯನ್ನು ಒದಗಿಸಿತೆಂದು ಗೆಜೆಟಿಯರ್ ಪರಂಪರೆಯ ಬರಹಗಳು ಹೇಳುತ್ತವೆ. ಪರ್ಷಿಯಾದಿಂದ ಬಂದ ಚಾರ್‌ಬಾಗ್ ಶೈಲಿಯ ಲಕ್ಷಣಗಳು ಸುಪರಿಚಿತ: ನೆಲವನ್ನು ಚೌಕಗಳಾಗಿ ವಿಭಾಗಿಸುವುದು, ಚೌಕಗಳ ನಡುವೆ ಕಾಲುದಾರಿ ಅಥವಾ ನೀರಿನ ಕಾಲುವೆ, ಇಕ್ಕೆಲಗಳಲ್ಲಿ ಸಾಲುಮರ.

ಹೈದರ್–ಟಿಪ್ಪು ಕಾಲದ ವಿನ್ಯಾಸ

1760ರಲ್ಲಿ ಸುಮಾರು 40 ಎಕರೆಗಳಲ್ಲಿ ಆರಂಭವಾದ ತೋಟವನ್ನು ಟಿಪ್ಪು ಸುಲ್ತಾನನು ಹೊರನಾಡುಗಳಿಂದ ಸಸಿ, ಬೀಜಗಳನ್ನು ತರಿಸಿ ಬೆಳೆಸಿದನು. ಅದರ ಸ್ವರೂಪವನ್ನು ತಿಳಿಯಲು 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕನನ್‌ನ ಪ್ರವಾಸ ಕಥನವು ಮುಖ್ಯ ಆಕರ. ಚೌಕಾಕಾರದ ಪಾತಿಗಳು, ಅವುಗಳ ನಡುವಣ ಕಾಲುದಾರಿಗಳು, ದಾರಿಯಂಚಿನ ಸೈಪ್ರಸ್ ಮರಗಳನ್ನು ಅವನು ದಾಖಲಿಸಿದ್ದಾನೆ. ಒಂದು ಚೌಕದಲ್ಲಿ ಗುಲಾಬಿ ಮಾತ್ರ, ಮತ್ತೊಂದರಲ್ಲಿ ದಾಳಿಂಬೆ ಮಾತ್ರ ಎಂಬಂತೆ ಪ್ರತಿ ಸಸ್ಯಕ್ಕೂ ಪ್ರತ್ಯೇಕ ನೆಲವಿತ್ತೆಂಬುದನ್ನೂ, ಗುಡ್ ಹೋಪ್ ಭೂಶಿರದಿಂದ ತರಿಸಿದ ಪೈನ್ ಹಾಗೂ ಓಕ್ ಸಸಿಗಳು ಚೆನ್ನಾಗಿ ಬೆಳೆಯುತ್ತಿದ್ದುದನ್ನೂ ಅವನು ಗುರುತಿಸುತ್ತಾನೆ.

ಒಂದು ಚೌಕಕ್ಕೆ ಒಂದೇ ಸಸ್ಯವೆಂಬ ಈ ಕ್ರಮವು ವಿಶೇಷವಾಗಿ ಗಮನಾರ್ಹವಾದುದು. ಇದು ಅಲಂಕಾರದ ಏರ್ಪಾಡು ಮಾತ್ರವಾಗಿರದೆ ಸಸ್ಯಗಳನ್ನು ಬೇರ್ಪಡಿಸಿ, ಹೋಲಿಸಿ ನೋಡಲು ಅವಕಾಶ ನೀಡುವ ವರ್ಗೀಕರಣವೂ ಆಗಿತ್ತು. ದೂರದೇಶದ ಸಸ್ಯಗಳನ್ನು ಇಲ್ಲಿನ ಹವೆಗೆ ಒಗ್ಗಿಸುವ ಕಾರ್ಯವೂ ಕಂಪನಿಯ ಆಡಳಿತಕ್ಕೆ ಮೊದಲೇ ನಡೆದಿತ್ತು. ಆದ್ದರಿಂದ ವೈಜ್ಞಾನಿಕ ತೋಟಗಾರಿಕೆಯು ಇಲ್ಲಿ 1799ರ ಅನಂತರವೇ ಆರಂಭವಾಯಿತೆಂಬ ಗ್ರಹಿಕೆಯನ್ನು ಮರುಪರಿಶೀಲಿಸುವ ಅಗತ್ಯವಿದೆ.

ಸಸ್ಯೋದ್ಯಾನವಾಗಿ ಪರಿವರ್ತನೆ

ಯುರೋಪಿನಲ್ಲಿ ಸಸ್ಯೋದ್ಯಾನವು ಪೀಸಾ ಹಾಗೂ ಪಾದುವಾಗಳಲ್ಲಿ 1540ರ ದಶಕದಲ್ಲಿ ವೈದ್ಯಶಿಕ್ಷಣದ ಅಂಗವಾಗಿ ರೂಪುಗೊಂಡಿತು. ವಸಾಹತು ಯುಗದಲ್ಲಿ ಅದು ವಾಣಿಜ್ಯದ ಸಾಧನವೂ ಆಯಿತು. 1787ರಲ್ಲಿ ಸ್ಥಾಪಿತವಾದ ಕಲ್ಕತ್ತೆಯ ಸಸ್ಯೋದ್ಯಾನ ಇದಕ್ಕೆ ನಿದರ್ಶನ. ಶ್ರೀರಂಗಪಟ್ಟಣದ ಪತನಾನಂತರ ಲಾಲ್‌ಬಾಗಿನ ಹೊಣೆ ಹೊತ್ತ ಬೆಂಜಮಿನ್ ಹೈನೆಗೆ ದೊರೆತ ಸೂಚನೆಯು, ಅಪರೂಪ ಅಥವಾ ಅಂದ ಮಾತ್ರವುಳ್ಳ ಸಸ್ಯಗಳಿಗಿಂತ ಉಪಯುಕ್ತ ಸಸ್ಯಗಳಿಗೆ ಸ್ಪಷ್ಟ ಪ್ರಾಶಸ್ತ್ಯ ನೀಡಬೇಕೆಂಬುದಾಗಿತ್ತು. ಅರಸನ ವಿಹಾರದ ತೋಟವು ಆರ್ಥಿಕ ಪ್ರಯೋಗಾಲಯವಾಗಬೇಕೆಂಬ ಆಶಯ ಇಲ್ಲಿ ವ್ಯಕ್ತವಾಗಿದೆ.

ಆದರೆ ಈ ಪರಿವರ್ತನೆ ನೇರವಾಗಿ ಸಾಗಲಿಲ್ಲ. 1819ರವರೆಗೆ ತೋಟವು ಮೇಜರ್ ವಾ ಎಂಬ ಸೇನಾಧಿಕಾರಿಯ ಸ್ವಾಧೀನದಲ್ಲಿತ್ತು. 1836ರಲ್ಲಿ ಹುಟ್ಟಿದ ಕೃಷಿ–ತೋಟಗಾರಿಕಾ ಸಂಘವು 1842ರಲ್ಲಿ ಮುಚ್ಚಿಹೋಯಿತು. ಹ್ಯೂ ಕ್ಲೆಗಾರ್ನ್‌ನ ಶಿಫಾರಸಿನ ಹಿನ್ನೆಲೆಯಲ್ಲಿ 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವೆನಿಸಿತು. 1858ರಲ್ಲಿ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದ ವಿಲಿಯಂ ನ್ಯೂ ನೇಮಕಗೊಂಡನು.

ನ್ಯೂ 1861ರಲ್ಲಿ ತೋಟದ ಸಸ್ಯಸೂಚಿಯೊಂದನ್ನು ಪ್ರಕಟಿಸಿದನು. 1874ರಿಂದ 1908ರವರೆಗೆ ಅಧೀಕ್ಷಕನಾಗಿದ್ದ ಜಾನ್ ಕ್ಯಾಮೆರಾನ್ 1880 ಹಾಗೂ 1891ರಲ್ಲಿ ವಿಸ್ತೃತ ಸೂಚಿಗಳನ್ನು ಹೊರತಂದನು. ಸಾಮಾನ್ಯ ತೋಟಕ್ಕೂ ಸಸ್ಯೋದ್ಯಾನಕ್ಕೂ ಇರುವ ಮೂಲ ವ್ಯತ್ಯಾಸ ಇಲ್ಲಿಯೇ ಇದೆ. ಸಸ್ಯದ ಹೆಸರು, ಮೂಲ ಹಾಗೂ ಅದು ಬಂದ ಬಗೆ ದಾಖಲಾದಾಗ ಮಾತ್ರ ತೋಟವು ಸಸ್ಯೋದ್ಯಾನವೆನಿಸುತ್ತದೆ. ಕ್ಯಾಮೆರಾನ್‌ನ ಅವಧಿಯಲ್ಲಿ ಚೆಲುವಯ್ಯ ರಾಜು ರಚಿಸಿದ ಸಸ್ಯಚಿತ್ರಗಳನ್ನೂ ಇದೇ ದಾಖಲೆಯ ಭಾಗವಾಗಿ ಕಾಣಬೇಕು.

ಶೈಲಿಗಳ ಸಹವಾಸ

ವಿನ್ಯಾಸದ ದೃಷ್ಟಿಯಿಂದಲೂ ಕ್ಯಾಮೆರಾನ್‌ನ ಕಾಲ ನಿರ್ಣಾಯಕ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ ಗಾಜಿನ ಮನೆಯು ತೋಟಕ್ಕೆ ಹೊಸ ಕೇಂದ್ರವನ್ನು ನೀಡಿತು. 1889ರಿಂದ 1894ರವರೆಗೆ ಪೂರ್ವಭಾಗದಲ್ಲಿ ಭೂಮಿ ಸೇರ್ಪಡೆಯಾಗಿ, ಕೆಂಪೇಗೌಡ ಗೋಪುರವಿರುವ ಬಂಡೆಯೂ ತೋಟದೊಳಗೆ ಬಂದಿತು. ಚೌಕಗಳ ಕಟ್ಟುನಿಟ್ಟಿನ ವಿನ್ಯಾಸದ ಪಕ್ಕದಲ್ಲಿಯೇ ಸಹಜ ನೆಲದ ಏರಿಳಿತವನ್ನು ದೃಶ್ಯವಾಗಿ ಬಳಸುವ ಆಂಗ್ಲ ಭೂದೃಶ್ಯ ಶೈಲಿಗೆ ಇದರಿಂದ ಅವಕಾಶವಾಯಿತು. ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆನ್ನಲಾದ ಈ ನೈಸ್ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

1908ರಲ್ಲಿ ಬಂದ ಜರ್ಮನ್ ತಜ್ಞ ಜಿ.ಎಚ್. ಕ್ರುಂಬಿಗಲ್ ವರ್ಷವಿಡೀ ಒಂದರ ಅನಂತರ ಒಂದು ಹೂ ಬಿಡುವ ಮರಗಳನ್ನು ಬೀದಿಗಳಲ್ಲಿ ಬೆಳೆಸುವ ಯೋಜನೆಯಿಂದ ಉದ್ಯಾನವನ್ನು ನಗರಕ್ಕೆ ವಿಸ್ತರಿಸಿದನು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ 1932ರಲ್ಲಿ ಪೂರ್ಣಗೊಂಡ ಕೃಷ್ಣರಾಜಸಾಗರದ ಬೃಂದಾವನದ ವಿನ್ಯಾಸದಲ್ಲಿಯೂ ಅವನ ಪಾತ್ರವಿದೆ. ಅಲ್ಲಿನ ಮೆಟ್ಟಿಲು ಮೆಟ್ಟಿಲಾದ ನೆಲ, ಕಾಲುವೆ, ಕಾರಂಜಿಗಳು ಕಾಶ್ಮೀರದ ಶಾಲಿಮಾರನ್ನು ನೆನಪಿಸುತ್ತವೆ. ಲಾಲ್‌ಬಾಗಿನಲ್ಲಿ ಹಿನ್ನೆಲೆಗೆ ಸರಿದ ಮೊಗಲ್ ಶೈಲಿಯು ಯುರೋಪಿನ ತಜ್ಞನೊಬ್ಬನ ಮೂಲಕ ಮೈಸೂರಿನಲ್ಲಿ ಮರಳಿ ಕಾಣಿಸಿಕೊಂಡಿದೆ. ಶೈಲಿಗಳನ್ನು ಆಳ್ವಿಕೆಗಳೊಡನೆ ಯಾಂತ್ರಿಕವಾಗಿ ಸಮೀಕರಿಸಲಾಗದೆಂಬುದಕ್ಕೆ ಇದೊಂದು ಪುರಾವೆ.

ಮರೆತ ಕೈಗಳು ಮತ್ತು ಮುಂದಿನ ಕಾರ್ಯ

ಮೇಲೆ ಉಲ್ಲೇಖಿಸಿದ ಹೆಸರುಗಳಲ್ಲಿ ಬಹುಪಾಲು ಅರಸರದು ಮತ್ತು ಅಧಿಕಾರಿಗಳದು. ನೀರು ಹಾಯಿಸಿ, ಕಸಿ ಕಟ್ಟಿ, ಸಸಿ ಉಳಿಸಿದವರ ಹೆಸರುಗಳು ಸಸ್ಯಸೂಚಿಗಳಲ್ಲಿ ಸಿಗುವುದಿಲ್ಲ. ಬೆಂಗಳೂರಿನ ತಿಗಳರ ತೋಟಗಾರಿಕಾ ಕೌಶಲ ಪ್ರಸಿದ್ಧವಾದುದು. ಹೈದರನ ಕಾಲದಿಂದಲೂ ಈ ಸಮುದಾಯಕ್ಕೆ ಲಾಲ್‌ಬಾಗಿನೊಡನೆ ನಂಟಿದೆಯೆಂಬ ಪ್ರತೀತಿಯಿದೆ. ಲಿಖಿತ ಆಕರಗಳೊಂದಿಗೆ ಇಂಥ ಮೌಖಿಕ ಪರಂಪರೆಯನ್ನೂ ಕೂಡಿಸಿ ನೋಡದ ಹೊರತು ಉದ್ಯಾನದ ಚರಿತ್ರೆ ಅಪೂರ್ಣ.

1932ರಲ್ಲಿ ಎಚ್.ಸಿ. ಜವರಾಯ, ಆ ಬಳಿಕ ಡಾ. ಎಂ.ಎಚ್. ಮರಿಗೌಡರ ನೇತೃತ್ವದಲ್ಲಿ ಬೆಳೆದ ಲಾಲ್‌ಬಾಗ್ ಇಂದು 240 ಎಕರೆಗಳಷ್ಟಿದೆ. 2009ರಲ್ಲಿ ಮೆಟ್ರೋ ಕಾಮಗಾರಿಗಾಗಿ ಅದರ ಅಂಚಿನ ನೆಲವನ್ನು ಬಳಸಿಕೊಂಡಾಗ ನಾಗರಿಕರಿಂದ ಪ್ರತಿಭಟನೆ ವ್ಯಕ್ತವಾಯಿತು. ಆ ಸಂದರ್ಭದ ಚರ್ಚೆ ಮರಗಳ ಸಂಖ್ಯೆ ಮತ್ತು ನೆಲದ ವಿಸ್ತೀರ್ಣಗಳ ಸುತ್ತ ಹೆಚ್ಚಾಗಿ ನಡೆಯಿತು. ಸಸ್ಯೋದ್ಯಾನದ ಮರಕ್ಕಾದರೋ ಸಂಖ್ಯೆಯನ್ನು ಮೀರಿದ ಬೆಲೆಯಿದೆ. ಎಲ್ಲಿಂದ ಬಂದಿತು, ಏಕೆ ಬಂದಿತು ಎಂಬ ಸಂಗತಿಯೂ ಆ ಮರದೊಡನೆ ನಿಂತಿರುತ್ತದೆ. 1861, 1880 ಹಾಗೂ 1891ರ ಸೂಚಿಗಳನ್ನು ಇಂದಿನ ಸಸ್ಯಸಂಪತ್ತಿನೊಡನೆ ತಾಳೆ ನೋಡಿ, ಉಳಿದುದನ್ನೂ ಅಳಿದುದನ್ನೂ ಗುರುತಿಸುವ ಕಾರ್ಯ ಕನ್ನಡದಲ್ಲಿ ನಡೆಯಬೇಕಾಗಿದೆ. ಮರಗಳು ನಿಂತಿರುವಾಗಲೇ ಆ ಕೆಲಸ ಸಾಧ್ಯ. ಅವು ಉರುಳಿದ ಮೇಲೆ ಸೂಚಿಯಲ್ಲಿ ಉಳಿಯುವುದು ಹೆಸರು ಮಾತ್ರ.