ಶಾಸನದ ಕಡೆಯ ಸಾಲುಗಳು

ನಮ್ಮ ಬಸದಿಗಳ ಅಂಗಳದಲ್ಲಿ ನಿಂತಿರುವ ಶಿಲಾಶಾಸನಗಳನ್ನು ಕಾಣದ ಶ್ರಾವಕರಿಲ್ಲ. ಮೇಲ್ಭಾಗದಲ್ಲಿ ಮುಕ್ಕೊಡೆಯ ಕೆಳಗೆ ಪದ್ಮಾಸನಸ್ಥನಾದ ಜಿನೇಶ್ವರ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸು, ಅತ್ತಿತ್ತ ಸೂರ್ಯಚಂದ್ರರು. ಇಷ್ಟನ್ನು ನೋಡಿ ಕೈಮುಗಿದು ಒಳಗೆ ಹೋಗುವುದು ವಾಡಿಕೆ. ಹಳಗನ್ನಡ ಲಿಪಿ ಬಲ್ಲವರು ಒಬ್ಬಿಬ್ಬರು ಬಂದರೂ ಮೊದಲ ಹತ್ತು ಸಾಲುಗಳಲ್ಲಿ ಅರಸನ ಹೆಸರು, ಶಕವರ್ಷ, ಗುರುಗಳ ಹೆಸರು ದೊರೆತೊಡನೆ ತೃಪ್ತರಾಗುತ್ತಾರೆ. ಕಡೆಯ ಸಾಲುಗಳ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಅಲ್ಲಿರುವುದು ಗದ್ದೆ, ಬೆದ್ದಲೆ, ಕೆರೆ, ತೋಟ, ಕೊಳಗ, ಗಾಣ ಇವುಗಳ ಲೆಕ್ಕ. ಲೆಕ್ಕದಲ್ಲಿ ಓದುವುದಕ್ಕೇನಿದೆ ಎಂಬ ಭಾವನೆ. ಈ ಲೇಖನವು ಆ ಕಡೆಯ ಸಾಲುಗಳನ್ನು ಕುರಿತದ್ದಾಗಿದೆ.

ನಾನು ವಿದ್ವಾಂಸನಲ್ಲ. ಮೆಟ್ರಿಕ್ ಮುಗಿಸಿ ತಂದೆಯವರ ಧಾನ್ಯದ ಅಂಗಡಿಯಲ್ಲಿ ಕುಳಿತವನು. ಪಂಚಕಲ್ಯಾಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನವನ್ನು ಬರೆಯಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದಾಗ ಅಧಿಕಾರವುಳ್ಳವರು ಬೇರೆ ಇದ್ದಾರೆಂದು ಹೇಳಿ ನೋಡಿದೆ. ಅವರು ಬಿಡಲಿಲ್ಲ. ಆದರೆ ಒಂದು ಮಾತು ನಿಜ: ಕೊಳಗ, ಬಳ್ಳ, ಖಂಡುಗ ಇವು ನನಗೆ ಪುಸ್ತಕದ ಶಬ್ದಗಳಲ್ಲ. ನನ್ನ ಅಜ್ಜನವರು ಬಳಸುತ್ತಿದ್ದ ಹಿತ್ತಾಳೆಯ ಕಟ್ಟಿನ ಕೊಳಗವು ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ.

ಬಸದಿಯ ಶಾಸನಕ್ಕೆ ಒಂದು ಕ್ರಮವುಂಟು. ಮೊದಲು ಜಿನಶಾಸನದ ಸ್ತುತಿ. ಅನಂತರ ಲೋಕದ ವರ್ಣನೆ: ಜಂಬೂದ್ವೀಪ, ಅದರಲ್ಲಿ ಭರತಕ್ಷೇತ್ರ, ಅದರಲ್ಲಿ ಕುಂತಳದೇಶ, ಅದರೊಳಗೆ ನಾಡು, ನಾಡಿನೊಳಗೆ ಊರು. ತ್ರಿಲೋಕಸಾರದಂತಹ ಗ್ರಂಥಗಳಲ್ಲಿ ನಮ್ಮ ಆಚಾರ್ಯರು ಹೇಳಿದ ಲೋಕರಚನೆಯಿಂದ ಹೊರಟ ಕವಿಯು ಕಡೆಗೆ ಊರಿನ ಕೆರೆಯ ತೂಬಿನ ಬಳಿಗೆ, ಗಡಿಯಲ್ಲಿರುವ ಒಂದು ಹುಣಿಸೆಯ ಮರದ ಬಳಿಗೆ ಬಂದು ನಿಲ್ಲುತ್ತಾನೆ. ಮೇರುಪರ್ವತವೂ ಹುಣಿಸೆಯ ಮರವೂ ಒಂದೇ ಕಲ್ಲಿನ ಮೇಲೆ ಇರುವುದು ನನಗೆ ಬಹಳ ಹಿಡಿಸಿದ ಸಂಗತಿ. ಮೊದಲನೆಯ ಭಾಗ ಸಾಹಿತ್ಯ, ಎರಡನೆಯದು ಭೂಗೋಲ, ಮೂರನೆಯದು ಬೇಸಾಯ. ಮೂರನ್ನೂ ಬಲ್ಲವನ ವಿನಾ ಬೇರೊಬ್ಬನಿಗೆ ಆ ಕಲ್ಲು ಪೂರ್ತಿ ಮಾತನಾಡುವುದಿಲ್ಲ.

ಐಹೊಳೆಯ ಮೇಗುಟಿಯ ಬಸದಿಯನ್ನೇ ನೋಡೋಣ. ಶಕವರ್ಷ 556ರಲ್ಲಿ, ಎಂದರೆ ಕ್ರಿ. ಶ. 634ರಲ್ಲಿ, ರವಿಕೀರ್ತಿಯು ಈ ಜಿನಾಲಯವನ್ನು ಕಟ್ಟಿಸಿ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಬರೆಯಿಸಿದನು. ಅದರಲ್ಲಿ ಅವನು ಕಾಳಿದಾಸ ಭಾರವಿಗಳ ಹೆಸರನ್ನು ಎತ್ತಿರುವುದರಿಂದ ಆ ಮಹಾಕವಿಗಳ ಕಾಲದ ಕೆಳಮಿತಿಯನ್ನು ಪಂಡಿತರು ಗೊತ್ತುಮಾಡಿದರು. ಫ್ಲೀಟ್, ಕೀಲ್‌ಹಾರ್ನ್ ಮೊದಲಾದವರು ಇದನ್ನು ಶೋಧಿಸಿ ಪ್ರಕಟಿಸಿ ಜಗತ್ತಿಗೆ ತಿಳಿಸಿದರು. ಇಷ್ಟು ಎಲ್ಲರೂ ಬಲ್ಲರು. ಆದರೆ ಆ ಕಾವ್ಯದ ಕೆಳಗೆ ಅನಂತರ ಸೇರಿಸಿದ ಒಂದು ಸಣ್ಣ ಬರೆಹವುಂಟು. ಅದರಲ್ಲಿ ಕವಿತ್ವವೇನೂ ಇಲ್ಲ. ಮೂಲವಳ್ಳಿ, ಗಂಗವೂರು, ಪುಳಿಗೆರೆ ಮುಂತಾದ ಊರುಗಳು ಈ ಬಸದಿಯ ಭುಕ್ತಿಗೆ ಸೇರಿದವೆಂಬ ಪಟ್ಟಿ ಮಾತ್ರ. ಪುಲಕೇಶಿಯು ಹರ್ಷನನ್ನು ತಡೆದದ್ದನ್ನು ಮೇಲಿನ ಶ್ಲೋಕಗಳು ಹೇಳಿದರೆ, ದೇವರ ಮುಂದಿನ ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕೆಂಬುದನ್ನು ಕೆಳಗಿನ ಸಾಲು ಹೇಳುತ್ತದೆ. ಎರಡನೆಯದು ಇಲ್ಲದಿದ್ದರೆ ಮೊದಲನೆಯದನ್ನು ಓದಲು ಬಸದಿಯಲ್ಲಿ ಯಾರಿರುತ್ತಿದ್ದರು?

ಇದಕ್ಕಿಂತಲೂ ಮನಸ್ಸಿಗೆ ನಾಟುವ ಉದಾಹರಣೆ ಕುರಿಕ್ಯಾಲದ ಶಾಸನ. ಈಗಿನ ತೆಲಂಗಾಣದ ಕರೀಂನಗರ ಸೀಮೆಯ ಗಂಗಾಧರದ ಬಳಿ ಬೊಮ್ಮಲಗುಟ್ಟವೆಂಬ ಕಲ್ಲುಬೆಟ್ಟವಿದೆ. ಅಲ್ಲಿ ಬಂಡೆಯಲ್ಲಿ ಕೆತ್ತಿದ ತೀರ್ಥಂಕರರ ಮತ್ತು ಚಕ್ರೇಶ್ವರಿಯ ಮೂರ್ತಿಗಳ ಜೊತೆಗೆ ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿ ಬರೆದ ಹತ್ತನೆಯ ಶತಮಾನದ ಶಾಸನವೊಂದುಂಟು. ಬರೆಯಿಸಿದವನು ಜಿನವಲ್ಲಭ; ಆದಿಕವಿ ಪಂಪನ ತಮ್ಮ. ತೆಲುಗಿನ ಕಂದಪದ್ಯಗಳಲ್ಲಿ ಇವು ಅತಿ ಪ್ರಾಚೀನವೆಂದು ಆ ನಾಡಿನವರೂ ಇದನ್ನು ಗೌರವಿಸುತ್ತಾರೆ.

ಪಂಪನು 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದಾಗ ಅರಿಕೇಸರಿಯು ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನೆಂಬುದು ಕಾವ್ಯದಿಂದಲೇ ತಿಳಿಯುತ್ತದೆ. ಆದರೆ ಆ ಊರು ಎಲ್ಲಿ? ಕಾವ್ಯವು ಪುಲಿಗೆರೆಯ ಕನ್ನಡವನ್ನು ಹೊಗಳುವುದರಿಂದ ಅರಿಕೇಸರಿಯ ರಾಜಧಾನಿಯೇ ಪುಲಿಗೆರೆಯೆಂದು ಆರಂಭದ ವಿದ್ವಾಂಸರು ಬಗೆದದ್ದುಂಟು. ವೇಮುಲವಾಡದ ಶಾಸನಗಳೂ 966ರ ಪರಭಣಿಯ ತಾಮ್ರಪಟವೂ ಬೆಳಕಿಗೆ ಬಂದ ಮೇಲೆ ಆ ಅರಸರ ನೆಲೆ ವೇಮುಲವಾಡವೆಂದು ಸ್ಥಿರವಾಯಿತು. ಈ ತಾಮ್ರಪಟವಾದರೂ ಏನು? ಯಶಸ್ತಿಲಕವನ್ನು ಬರೆದ ಸೋಮದೇವಸೂರಿಗೆ, ಲೇಂಬುಲಪಾಟಕದ ಶುಭಧಾಮ ಜಿನಾಲಯದ ಸಲುವಾಗಿ, ಒಂದು ಗ್ರಾಮವನ್ನು ಬಿಟ್ಟುಕೊಟ್ಟ ಭೂದಾನದ ಪತ್ರ. ನಮ್ಮ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಕ್ರಯಪತ್ರದ ಜಾತಿಯ ಕಾಗದ. ಕವಿಯ ಆಶ್ರಯದಾತನ ಊರನ್ನು ತೋರಿಸುವುದಕ್ಕೆ ಕಾವ್ಯಕ್ಕಿಂತ ಹೆಚ್ಚಾಗಿ ಅದೇ ನೆರವಾಯಿತು.

ಜಿನವಲ್ಲಭನ ಶಾಸನವು ಇನ್ನೂ ಮುಂದಕ್ಕೆ ಹೋಗುತ್ತದೆ. ಧರ್ಮವುರದ ಸುತ್ತಲಿನ ನೆಲದಲ್ಲಿ ತ್ರಿಭುವನತಿಲಕವೆಂಬ ಬಸದಿ, ಕವಿತಾಗುಣಾರ್ಣವವೆಂಬ ಕೆರೆ, ಮದನವಿಲಾಸವೆಂಬ ತೋಟ ಇದ್ದುದು ಅದರಿಂದ ತಿಳಿಯುತ್ತದೆ. ಕವಿತಾಗುಣಾರ್ಣವ ಎಂಬುದು ಪಂಪನ ಬಿರುದು. ಕವಿಯ ಬಿರುದನ್ನು ಕೆರೆಗೆ ಇಟ್ಟ ಕಾಲವದು! ನಾವಾದರೋ ಕವಿಗಳ ಹೆಸರನ್ನು ರಸ್ತೆಗಳಿಗೆ ಇಡುತ್ತೇವೆ. ರಸ್ತೆ ನೀರು ಕೊಡುವುದಿಲ್ಲ. ಅದೇ ಶಾಸನದಲ್ಲಿ ಪಂಪನ ತಾಯಿಯ ಹೆಸರು ಅಬ್ಬಣಬ್ಬೆಯೆಂದೂ ಆಕೆಯು ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳೆಂದೂ ಇದೆ. ವೆಂಗಿನಾಡಿನ ಮನೆತನದ ಕವಿಗೆ ಕನ್ನಡದ ಹೃದಯಭಾಗದ ನುಡಿ ಹೇಗೆ ಒಲಿಯಿತೆಂಬ ಪ್ರಶ್ನೆಗೆ ಅರ್ಧ ಉತ್ತರ ಈ ಒಂದು ಸಾಲಿನಲ್ಲಿದೆ. ಆದಿಕವಿಯ ತಾಯಿಯ ಹೆಸರನ್ನು ಆ ಬಂಡೆಯೇ ನಮಗೆ ಉಳಿಸಿಕೊಟ್ಟದ್ದು. ಅಷ್ಟು ಭಾಗದಲ್ಲಿ ಚಕ್ಕೆ ಎದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ್ಗೆ ಯೋಚಿಸುವುದುಂಟು.

ಬೆಳ್ವೊಲವೆಂಬ ಹೆಸರೂ ಗಮನಾರ್ಹ. ಅದನ್ನು ಬೆಳೆಯ ಹೊಲವೆಂದು ವಿದ್ವಾಂಸರು ಅರ್ಥಮಾಡಿದ್ದಾರೆ. ಅಣ್ಣಿಗೇರಿ, ಲಕ್ಕುಂಡಿಗಳ ಆ ಎರೆಭೂಮಿಯನ್ನು ಕಂಡವರಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಕಿಸುವೊಳಲು ಎಂದರೆ ಕೆಂಪು ಪಟ್ಟಣ, ಈಗಿನ ಪಟ್ಟದಕಲ್ಲು. ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕರ ನಡುವಣ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿತು. 1898ರಲ್ಲಿ ಕೆ. ಬಿ. ಪಾಠಕರು ಆ ಗ್ರಂಥವನ್ನು ಅಚ್ಚು ಹಾಕಿಸಿದ ಮೇಲೆ ಈ ಊರುಗಳನ್ನು ನೆಲದ ಮೇಲೆ ಗುರುತಿಸಲು ಶಾಸನಗಳೇ ಆಧಾರವಾದವು. ಶಂ. ಬಾ. ಜೋಶಿಯವರು 1933ರ ‘ಕಣ್ಮರೆಯಾದ ಕನ್ನಡ’ದಲ್ಲಿ ಸ್ಥಳನಾಮಗಳ ಜಾಡನ್ನು ಹಿಡಿದು ಮಹಾರಾಷ್ಟ್ರದೊಳಗೆ ನಡೆದರು. ಊರಿನ ಹೆಸರು ಸಾಹಿತ್ಯವೋ ಭೂಗೋಲವೋ ಬೇಸಾಯವೋ ಎಂದು ಬೇರ್ಪಡಿಸುವುದು ಅಂಥವರಿಗೆ ಬೇಕಾಗಿರಲಿಲ್ಲ.

ಇನ್ನು ಅಳತೆಯ ವಿಷಯ. ಇಲ್ಲಿ ನಾನು ಸ್ವಲ್ಪ ಧೈರ್ಯದಿಂದ ಮಾತನಾಡಬಲ್ಲೆ. ತೆಂಕಣ ಶಾಸನಗಳಲ್ಲಿ ‘ಇಷ್ಟು ಕೊಳಗ ಗದ್ದೆ’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಕೊಳಗವು ಧಾನ್ಯವನ್ನು ಅಳೆಯುವ ಪಾತ್ರೆ. 20 ಕೊಳಗಕ್ಕೆ ಒಂದು ಖಂಡುಗ. ಅದರಿಂದ ನೆಲವನ್ನು ಅಳೆಯುವುದು ಹೇಗೆ? ಒಂದು ಕೊಳಗ ಬೀಜ ಹಿಡಿಯುವಷ್ಟು ನೆಲವೇ ಒಂದು ಕೊಳಗ ನೆಲ. ಹೀಗೆ ಅಳೆಯುವುದರಿಂದ ಒಂದು ಕೊಳಗ ಗದ್ದೆ ಚಿಕ್ಕದು, ಒಂದು ಕೊಳಗ ಬೆದ್ದಲೆ ಬಹಳ ದೊಡ್ಡದು. ಏಕೆಂದರೆ ಭತ್ತವನ್ನು ಒತ್ತಾಗಿಯೂ ರಾಗಿಯನ್ನು ವಿರಳವಾಗಿಯೂ ಬಿತ್ತುವುದು ರೂಢಿ. ಇದನ್ನು ಅರಿಯದೆ ಎಕರೆಗೆ ಪರಿವರ್ತಿಸಿ ಬರೆದ ಲೇಖನಗಳನ್ನು ಓದಿ ನಾನು ನಕ್ಕದ್ದುಂಟು. ಬಡಗಣ ಒಣಸೀಮೆಯಲ್ಲಾದರೆ ಬಹುಮಟ್ಟಿಗೆ ಮತ್ತರ್ ಎಂಬ ಅಳತೆ. ಅದನ್ನು ಗಳೆಯಿಂದ ಅಳೆಯುತ್ತಿದ್ದರು; ಆದರೆ ಗಳೆಯೂ ಊರೂರಿಗೆ ಬೇರೆ. ಬಳ್ಳಿಗಾವೆಯ ಸೀಮೆಯಲ್ಲಿ ಭೇರುಂಡ ಗಳೆ ಎಂಬುದೇ ಒಂದಿತ್ತು. ಯಾವ ಗಳೆಯೆಂದು ಶಾಸನದಲ್ಲಿ ಹೆಸರಿಸಿ ಹೇಳಿದ್ದು ಮುಂದೆ ವ್ಯಾಜ್ಯ ಬಾರದಿರಲೆಂದು. ನಮ್ಮ ಜೈನಕವಿ ರಾಜಾದಿತ್ಯನು 12ನೆಯ ಶತಮಾನದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿ ಬರೆದುದರ ಪ್ರಯೋಜನವೂ ಇಂತಹ ಜನರಿಗೇ: ಹೊಲ ಅಳೆಯುವವನಿಗೆ, ಧಾನ್ಯ ಅಳೆಯುವವನಿಗೆ.

ಶ್ರವಣಬೆಳಗೊಳದ ಕಲ್ಲುಗಳು ಈ ವಿಚಾರದಲ್ಲಿ ಒಂದು ಭಂಡಾರ. 1889ರಲ್ಲಿ ಬಿ. ಎಲ್. ರೈಸ್ ಅವರು 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು 500ಕ್ಕೆ ಏರಿಸಿದರು. 1973ರ ಆವೃತ್ತಿಯಲ್ಲಿ ಸಂಖ್ಯೆ 573. ನರಸಿಂಹಾಚಾರ್ಯರು ಕರ್ಣಾಟಕ ಕವಿಚರಿತೆಯನ್ನು ಬರೆದ ಅದೇ ಕೈಯಿಂದ ಕೆರೆಗದ್ದೆಗಳ ಲೆಕ್ಕವನ್ನೂ ಬರೆದುಕೊಂಡರೆಂಬುದು ನೆನಪಿಡತಕ್ಕದ್ದು. ಶಾಂತಲದೇವಿಯು 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಮಾಡಿಸಿ ಮೊಟ್ಟೆನವಿಲೆಯೆಂಬ ಗ್ರಾಮವನ್ನು ಬಿಟ್ಟಳು. ಭಂಡಾರಿ ಹುಳ್ಳನ ಬಸದಿಗೆ 1159ರಲ್ಲಿ ನರಸಿಂಹ ಹೊಯ್ಸಳನು ಸವಣೇರನ್ನು ಕೊಟ್ಟನು. 1181ರ ಅಕ್ಕನ ಬಸದಿಗೆ ಬೊಮ್ಮೆಯನಹಳ್ಳಿ. ಈ ಬಸದಿಯನ್ನು ಕಟ್ಟಿಸಿದ ಆಚಲದೇವಿ ಜಿನಭಕ್ತೆ, ಆಕೆಯ ಪತಿ ಚಂದ್ರಮೌಳಿ ಶಿವಭಕ್ತ. ಹೆಂಡತಿಯ ಬಸದಿಗಾಗಿ ಅರಸನಲ್ಲಿ ಊರನ್ನು ಬೇಡಿ ಪಡೆದವನು ಆ ಶಿವಭಕ್ತನೇ. 13ನೆಯ ಶತಮಾನದ ಚಿಕ್ಕ ಚಿಕ್ಕ ಶಾಸನಗಳಲ್ಲಿ ಗೊಮ್ಮಟಸ್ವಾಮಿಯ ಅಭಿಷೇಕದ ಹಾಲಿಗೆಂದು ಇಟ್ಟ ಕೆಲವೇ ಗದ್ಯಾಣಗಳ ವಿಷಯವಿದೆ. ಅಸಲನ್ನು ಮುಟ್ಟದೆ ಬಡ್ಡಿಯಿಂದ ದಿನಕ್ಕೆ ಇಷ್ಟು ಮಾನ ಹಾಲು ಎಂಬ ಕರಾರು. ಜವಾಬ್ದಾರಿ ಹೊತ್ತವರಲ್ಲಿ ಬೆಳ್ಗೊಳದ ವರ್ತಕರಿದ್ದರು. ವ್ಯಾಪಾರಸ್ಥನಾದ ನನಗೆ ಆ ದೊಡ್ಡ ದೊಡ್ಡ ಪ್ರಶಸ್ತಿಗಳಿಗಿಂತ ಈ ಹಾಲಿನ ಲೆಕ್ಕವೇ ಹತ್ತಿರವೆನಿಸುತ್ತದೆ.

ಪಿ. ಬಿ. ದೇಸಾಯಿಯವರು 1957ರಲ್ಲಿ ದಕ್ಷಿಣಭಾರತದ ಜೈನಧರ್ಮವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವೂ ಎಂ. ಚಿದಾನಂದಮೂರ್ತಿಯವರ 1966ರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವೂ ಇಂತಹ ಕಡೆಯ ಸಾಲುಗಳನ್ನು ಬಿಡದೆ ಓದಿದವರ ಕೃತಿಗಳು. ಎರಡನೆಯದನ್ನು ನಾನು ಎರಡು ಬಾರಿ ಓದಿದ್ದೇನೆ. ಅದನ್ನು ಮೊದಲೇ ಓದಿದ್ದರೆ ಚೆನ್ನಾಗಿತ್ತು. ಕಾರಣವನ್ನು ಈಗ ಹೇಳಬೇಕಾಗಿದೆ.

ನಮ್ಮ ಬಸದಿಯ ಮುಖಮಂಟಪದಲ್ಲಿ ಒಂದು ಶಾಸನವಿತ್ತು. ಬಾಲ್ಯದಲ್ಲಿ ಅದರ ಹಸುವಿನ ಬೆನ್ನಿನ ಮೇಲೆ ಬೆರಳಾಡಿಸುತ್ತಿದ್ದುದು ನೆನಪಿದೆ. 1996ರಲ್ಲಿ ನೆಲಕ್ಕೆ ಗ್ರಾನೈಟ್ ಹಾಸಬೇಕೆಂದು ನಿಶ್ಚಯವಾದಾಗ ನನ್ನ ತಂದೆಯವರ ಸ್ಮರಣಾರ್ಥ ಆ ಖರ್ಚನ್ನು ನಾನೇ ವಹಿಸಿಕೊಂಡೆ. ನೆಲವು ಒಂದು ಅಡಿ ಮೇಲೆ ಬಂದಿತು. ಶಾಸನದ ಕೆಳಗಿನ ಐದು ಸಾಲುಗಳು ಕಾಂಕ್ರೀಟಿನೊಳಗೆ ಹೋದವು. ಕೆಲಸ ನಡೆಯುವಾಗ ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಮೇಸ್ತ್ರಿಯು ಒಮ್ಮೆ ಕೇಳಿದನು, ಈ ಅಕ್ಷರಗಳು ಮುಚ್ಚಿಹೋಗುತ್ತವಲ್ಲಾ ಎಂದು. ಮೇಲಿನದೆಲ್ಲ ಕಾಣುತ್ತದೆ, ಕೆಳಗೆ ಬರಿಯ ಗದ್ದೆಯ ಲೆಕ್ಕ, ಪರವಾಗಿಲ್ಲ ಎಂದೆ. ಯಾರೋ ಹೇಳಿದ್ದನ್ನು ಕೇಳಿ ಆಡಿದ ಮಾತು ಅದು. ಆ ಸಾಲುಗಳನ್ನು ನಾನು ಓದಿರಲಿಲ್ಲ. ಪಕ್ಕದಲ್ಲಿ ನನ್ನ ತಂದೆಯವರ ಹೆಸರಿನ ಫಲಕವನ್ನು ಕೂರಿಸಿದರು.

ಈಗಿನ ಜೀರ್ಣೋದ್ಧಾರದಲ್ಲಿ ನೆಲವನ್ನು ಮತ್ತೆ ತೆಗೆಯುವ ಪ್ರಸಂಗ ಬಂದಾಗ, ಕಲ್ಲನ್ನು ಕೈಕೆಲಸದಿಂದಲೇ ಬಿಡಿಸಬೇಕೆಂದು ಸಮಿತಿಯಲ್ಲಿ ಕೇಳಿಕೊಂಡೆ. ಸದಸ್ಯರು ಒಪ್ಪಿದರು. ಒಂಬತ್ತು ದಿನ ಹಿಡಿಯಿತು. ಆದರೂ ಸಿಮೆಂಟಿನೊಡನೆ ಕಲ್ಲಿನ ಮೇಲ್ಪದರವೂ ಎದ್ದು ಬಂದು ಮೂರು ಸಾಲುಗಳು ಪೂರ್ತಿ ಹೋದವು. ದಾನವನ್ನು ಅಳಿಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಶಾಪದ ಮಾತು ಇಂತಹ ಶಾಸನಗಳ ಕೊನೆಗೆ ಇರುವುದು ವಾಡಿಕೆ. ನಮ್ಮದರಲ್ಲಿ ಅದು ಇತ್ತೋ ಇಲ್ಲವೋ ಹೇಳುವಂತಿಲ್ಲ. ಉಳಿದ ಎರಡರಲ್ಲಿ ಒಂದು ಕಡೆ ‘ಕೆರೆಯ ಕೆಳಗೆ’ ಎಂದು ಓದಬಹುದು. ನಮ್ಮ ಊರಿಗೆ ಎರಡು ಕೆರೆಗಳುಂಟು. ಯಾವುದೆಂಬ ಹೆಸರು ಅದರ ಹಿಂದೆ ಇದ್ದಿರಬೇಕು. ಇನ್ನೊಂದು ಕಡೆ ‘ಕೊಳಗ’ ಎಂಬ ಮೂರಕ್ಷರಗಳು ಮೊನ್ನೆ ಕೆತ್ತಿದಷ್ಟು ಸ್ಪಷ್ಟವಾಗಿವೆ. ಎಷ್ಟು ಕೊಳಗವೆಂಬ ಜಾಗದಲ್ಲಿ ಬೂದುಬಣ್ಣದ ಕಲೆಯಿದೆ.

ಕಲ್ಲನ್ನು ಮುಖಮಂಟಪದ ಎಡಬದಿಯಲ್ಲಿ, ನೆಲದಿಂದ ಎತ್ತರಿಸಿದ ಪೀಠದ ಮೇಲೆ ನಿಲ್ಲಿಸಲಾಗಿದೆ. ಪ್ರತಿಷ್ಠೆಗೆ ಬರುವ ಬಂಧುಗಳು ದಯಮಾಡಿ ಕೆಳಗಿನವರೆಗೂ ನೋಡಬೇಕು. ನನ್ನ ತಂದೆಯವರ ಹೆಸರಿನ ಫಲಕವನ್ನು ಮತ್ತೆ ಹಾಕಿಸಿಲ್ಲ.