ಸವೆದ ಗೂಡು, ಉಳಿಯುವ ಯಂತ್ರ

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನೀವು ಕಂಡಿರಬಹುದು. ‘ಅಚ್ಚು’ ಎಂಬುದು ಸಂಸ್ಕೃತದ ‘ಅಕ್ಷ’ ಶಬ್ದದ ತದ್ಭವ. ಮಾತು ಎಷ್ಟು ಹಳೆಯದೋ ಅದರ ತೊಡಕೂ ಅಷ್ಟೇ ಹಳೆಯದು. ತಿರುಗುವುದು ಸವೆಯುತ್ತದೆ; ಅದನ್ನು ಹಿಡಿದಿಟ್ಟುಕೊಂಡುದೂ ಸವೆಯುತ್ತದೆ. ನಮ್ಮ ಬಡಿಗನೂ ಕಮ್ಮಾರನೂ ಕೂಡಿ ಕಟ್ಟಿಗೆಯ ಗುಂಬದೊಳಗೆ ಕಬ್ಬಿಣದ ಬುಷ್ಷು ಕೂಡಿಸಿದರು. ಬುಷ್ಷು ಸವೆದರೆ ಬದಲಿಸಬಹುದು, ಗಾಲಿ ಉಳಿಯುತ್ತದೆ.

ಹೊರದೇಶದವರೂ ಇದೇ ಹಾದಿ ಹಿಡಿದರು. ವೇಲ್ಸಿನ ಫಿಲಿಪ್ ವಾನ್ ಎಂಬವನು 1794ರಲ್ಲಿ ಗಾಡಿಯ ಅಚ್ಚಿಗೆ ಗುಂಡುಗಳ ಬೇರಿಂಗನ್ನು ಯೋಜಿಸಿ ಪೇಟೆಂಟು ಪಡೆದನು. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ಟನು ತವರ ಪ್ರಧಾನವಾದ ಮೆದು ಲೋಹವನ್ನು ಬಳಕೆಗೆ ತಂದನು. ಸವೆದರೆ ಅದನ್ನು ಕರಗಿಸಿ ಮತ್ತೆ ಎರೆಯಬಹುದು. ಸ್ವೀಡನ್ನಿನ ಬಟ್ಟೆ ಗಿರಣಿಯೊಂದು ಜೇಡಿನೆಲದ ಮೇಲಿದ್ದಿತು. ನೆಲ ಸರಿದಂತೆ ಯಂತ್ರದ ದಂಡಗಳು ಸಾಲು ತಪ್ಪುತ್ತಿದ್ದವು. ಅದನ್ನು ಕಂಡ ಸ್ವೆನ್ ವಿಂಗ್‌ಕ್ವಿಸ್ಟನು 1907ರಲ್ಲಿ ತಾನೇ ಸಾಲಿಗೆ ಹೊಂದಿಕೊಳ್ಳುವ ಬೇರಿಂಗನ್ನು ರಚಿಸಿದನು.

ಸೈಕಲ್ಲಿನ ಗಾಲಿಯಲ್ಲಿ ಓಡುವುವೂ ಇಂಥ ಗುಂಡುಗಳೇ. 1869ರಲ್ಲಿ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದಲೇ ತೊಡಗಿದರು. 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಕಬ್ಬಿಣದ ನೇಗಿಲು ಈ ಸೀಮೆಯ ಹೊಲಗಳಿಗೆ ಯಂತ್ರಯುಗದ ಮೊದಲ ಪರಿಚಯಗಳಲ್ಲೊಂದು.

ವೇದಗಂಗಾ ದೂಧಗಂಗಾ ನದಿಗಳು ಕೂಡುವ ನಿಪ್ಪಾಣಿ ತಾಲೂಕಿನ ಭೋಜದಂಥ ಊರಿನಲ್ಲಿ ಇಂದು ಮರ ಕೊಯ್ಯಲು ಚೈನ್‌ಸಾ ಉಂಟು. ಅದರ ಎಂಜಿನ್ನು ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಮೀರಿ ತಿರುಗಬಲ್ಲದು. ಅದರ ಕ್ರ್ಯಾಂಕನ್ನು ಹಿಡಿದ ಉಕ್ಕಿನ ಬೇರಿಂಗು ಹಗುರ ಲೋಹದ ಗೂಡಿನಲ್ಲಿ ಕುಳಿತಿರುತ್ತದೆ. ಅಲ್ಯುಮಿನಿಯಮ್ಮು ಕಾದರೆ ಉಕ್ಕಿಗಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. 35 ಮಿಲಿಮೀಟರ್ ಅಗಲದ ಗೂಡು 100 ಡಿಗ್ರಿಯಷ್ಟು ಕಾದರೆ ಬೇರಿಂಗಿಗಿಂತ ಸುಮಾರು 0.04 ಮಿಲಿಮೀಟರ್ ಹೆಚ್ಚು ಹಿಗ್ಗುವುದು. ಮೊದಲೇ ಸವೆದ ಗೂಡಿನಲ್ಲಿ ಬೇರಿಂಗಿನ ಹೊರಬಳೆಯೇ ತಿರುಗತೊಡಗುತ್ತದೆ. ಕ್ರ್ಯಾಂಕು ಅಲುಗಿ ಸೀಲು ಕೆಡುತ್ತದೆ, ಗಾಳಿ ಒಳನುಗ್ಗುತ್ತದೆ, ಪೆಟ್ರೋಲು ಎಣ್ಣೆಗಳ ಮಿಶ್ರಣ ತೆಳುವಾಗಿ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಕೂದಲೆಳೆಗಿಂತ ಕಿರಿದಾದ ಸಂದಿನಿಂದ ಇಡೀ ಎಂಜಿನ್ನೇ ಹಾಳಾಗುವುದು ಹೀಗೆ.

ಇಂಥಲ್ಲಿ ಹೊಸ ಬೇರಿಂಗು ಹಾಕಿದರೆ ಸಾಲದು. ಗೂಡಿನೊಳಗೆ ಪಂಚಿನಿಂದ ಚುಕ್ಕೆ ಹೊಡೆದು ಬಿಗಿ ಮಾಡುವುದೂ ಕೆಲವು ದಿನದ ಮಾತು. ತಿಳಿದ ಮಿಸ್ತ್ರಿ ಗೂಡನ್ನು ಲೇಥಿಗೆ ಕಟ್ಟಿ, ಎರಡು ಹೋಳುಗಳು ಕೂಡುವ ಮುಖವನ್ನೇ ಆಧಾರವಾಗಿಟ್ಟು, ಡಯಲ್ ಗೇಜಿನಿಂದ ನಡುವನ್ನು ಹುಡುಕುತ್ತಾನೆ. ಸವೆದ ಭಾಗವನ್ನು ದುಂಡಗೆ ಕೊರೆದು ತೆಗೆದು, ಅದೇ ಜಾತಿಯ ಲೋಹದ ಬುಷ್ಷನ್ನು ಬಿಗಿಯಾಗಿ ಕೂಡಿಸಿ, ಬೇರಿಂಗಿನ ಅಳತೆಗೆ ಮತ್ತೆ ಕೊರೆಯುತ್ತಾನೆ. ಗೂಡನ್ನು ಕಾಯಿಸಿದರೆ ಬೇರಿಂಗು ಬಡಿತವಿಲ್ಲದೆ ಒಳಗಿಳಿಯುತ್ತದೆ. ಎರಡು ಗೂಡುಗಳೂ ಒಂದೇ ಸಾಲಿನಲ್ಲಿರಬೇಕು. ಜೇಡಿನೆಲದ ಆ ಗಿರಣಿಯಲ್ಲಿ ತಪ್ಪಿದ್ದು ಈ ಸಾಲೇ. ಗೋಡೆ ತೀರ ತೆಳುವಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಮಾತ್ರ ಈ ರಿಪೇರಿ ಸಲ್ಲದು. ಆಗ ಹೊಸ ಗೂಡೇ ಗತಿ.

ಬಂಡಿಯ ಗುಂಬಕ್ಕೆ ಬುಷ್ಷು ಹಾಕಿದ ಕೈಗಳ ವಿದ್ಯೆಯೇ ಇದು. ಅಳತೆ ಮಾತ್ರ ಸೂಕ್ಷ್ಮವಾಗಿದೆ. ನಿಮ್ಮ ಯಂತ್ರ ಕೆಟ್ಟಾಗ ಬೇರಿಂಗಿನ ಬೆಲೆ ಕೇಳುವ ಮೊದಲು ಅದರ ಗೂಡನ್ನು ಅಳೆಯಿಸಿರಿ.